ಚೆಕ್‌ರೋಲಲ್ಲಿ ಅವರ ಹೆಸರೂ ಇರ್ಲಿ

ನಾನು ಸಕಲೇಶಪುರದ ಕಡೆಯವನು, ಹಾಸನದ ಮಲ್ನಾಡ್ ಕಾಲೇಜಲ್ಲಿ ಸಿವಿಲ್ ಓದಿ, ಎಂಟು ವರ್ಷ ಸೈಟಲ್ಲಿ ನಿಂತು ಕೆಲಸ ಮಾಡಿಸಿ, 2019ರಲ್ಲಿ ಟೊರೊಂಟೊಗೆ ಬಂದೆ. ಎಲ್ಲಿ ಅರ್ಜಿ ಹಾಕಿದ್ರೂ ಒಂದೇ ಪ್ರಶ್ನೆ, ಕೆನಡಿಯನ್ ಎಕ್ಸ್‌ಪೀರಿಯನ್ಸ್ ಇದ್ಯಾ? ಕೆಲಸ ಕೊಟ್ರೆ ತಾನೆ ಅನುಭವ ಬರೋದು. ಒಂದೂವರೆ ವರ್ಷ ಗೋಡೌನಲ್ಲಿ ರಾತ್ರಿ ಪಾಳಿ, ಡಬ್ಬ ಎತ್ತೋದು, ಜೊತೇಲಿ ಎತ್ತುತ್ತಿದ್ದವನನ್ನ ಮಾತಾಡ್ಸಿದ್ರೆ ಅವ್ನು ತನ್ನೂರಲ್ಲಿ ಹಲ್ಲಿನ ಡಾಕ್ಟ್ರು. ಆ ಸಂಕಟ ಇನ್ನೂ ಮರೆತಿಲ್ಲ.

ಆದ್ರೆ ಇಲ್ಲಿ ಒಂದು ವಿಷ್ಯ ಮೆಚ್ಚಲೇಬೇಕು, ತಡವಾಗಿ ಆದ್ರೂ ತಿದ್ಕೊಳ್ತಾರೆ. ಹಾಗೆ ಕೇಳೋದು ತಾರತಮ್ಯ ಅಂತ ಟೊರೊಂಟೊ ಇರೋ ಒಂಟಾರಿಯೋ ಪ್ರಾಂತ್ಯದ ಮಾನವ ಹಕ್ಕು ಆಯೋಗ 2013ರಲ್ಲೇ ಹೇಳಿತ್ತು, ಇಂಜಿನಿಯರ್ ಲೈಸೆನ್ಸಿಗೆ ಇದ್ದ ಆ ಷರತ್ತನ್ನ 2023ರಲ್ಲಿ ತೆಗೆದ್ರು, 2026ರ ಜನವರಿ 1ರಿಂದ 25 ಜನಕ್ಕಿಂತ ಕಮ್ಮಿ ಇಲ್ಲದ ಕಂಪನಿಗಳು ಕೆಲಸದ ಜಾಹೀರಾತಲ್ಲಿ ಅದನ್ನ ಹಾಕೋ ಹಾಗೇ ಇಲ್ಲ. ಹೊಸಬರಿಗೆ ಭಾಷೆ ಕಲಿಸೋಕೆ ಸರ್ಕಾರದ್ದೇ ಲಿಂಕ್ ಅನ್ನೋ ಕ್ಲಾಸಿದೆ, ಬಿಟ್ಟಿ. ನನ್ನ ಹೆಂಡ್ತಿ ಅಲ್ಲೇ ಇಂಗ್ಲಿಷ್ ಸರಿಮಾಡ್ಕೊಂಡಿದ್ದು, ಅವಳು ಕಲಿಯೋವಾಗ ಮಗೂನ ನೋಡ್ಕೊಳ್ಳೋಕೂ ಅಲ್ಲೇ ಜನ ಇದ್ರು.

ಈಗ ನಮ್ಮೂರಿಗೆ ಬನ್ನಿ. ಕಳೆದ ಜನವರೀಲಿ ನಮ್ಮ ತೋಟದ ರೊಬಸ್ಟಾ ಕಾಫಿ ಕುಯ್ಲಿಗೆ ಸರಿಯಾಗಿ ಹೋಗಿದ್ದೆ. ಅಸ್ಸಾಂ ಕಡೆಯವ್ರಿಗೆ ಬಂದ ಮಾರನೇ ದಿನವೇ ಕೆಲಸ, ಇರೋಕೆ ತೋಟದ ಕೂಲಿಯವ್ರ ಲೈನ್ ಮನೆ, ಯಾರೂ ಕಾಗದ ಪತ್ರ ಕೇಳಲ್ಲ. ಒಳ್ಳೇದೇ ಅಲ್ವಾ ಅನ್ಕೊಂಡೆ. ಸಂಜೆ ಕಣದಲ್ಲಿ ಚೀಲ ತೂಗ್ತಾ ಇದ್ರು, ತೋಟದ ಲೆಕ್ಕ ಬರೆಯೋ ರೈಟರ್ ಪಕ್ಕ ಕೂತು ಚೆಕ್‌ರೋಲ್, ಅಂದ್ರೆ ಹಾಜರಿ ಪುಸ್ತಕ, ನೋಡಿದೆ. ಊರಿನವ್ರಿಗೆಲ್ಲ ಒಂದೊಂದು ಸಾಲು, ಹೆಸರು, ಹಾಜರಿ, ಕೆಜಿ. ಕೆಳಗಡೆ ಬರೀ "ಅಸ್ಸಾಂ, 12 ಜನ". ಬಟವಾಡೆ ದಿನ ದುಡ್ಡು ಮೇಸ್ತ್ರಿ ಕೈಗೆ, ಆಮೇಲೆ ಯಾರಿಗೆ ಎಷ್ಟು ಸಿಕ್ತು ಅವ್ನಿಗೇ ಗೊತ್ತು. ಕಂಟ್ರಾಕ್ಟರ್ ಕರ್ಕೊಂಡು ಬಂದ ಹೊರರಾಜ್ಯದವ್ರಿಗೆ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡ್ಬೇಕು, ಕೂಲಿ ಎಷ್ಟು ಅಂತ ಅವ್ರ ಭಾಷೇಲೂ ಬರೀಬೇಕು ಅಂತ 1979ರ ಕಾಯ್ದೇಲೇ ಇತ್ತು, ನಮ್ಮ ಕಡೆ ಒಂದು ಪಾಸ್‌ಬುಕ್ಕೂ ನಾನು ನೋಡಿಲ್ಲ.

ಅವ್ರಲ್ಲೊಬ್ಬ ಮೂರು ವರ್ಷದಿಂದ ನಮ್ಮಲ್ಲೇ ಇದ್ದಾನೆ. ಮರಗಸಿ ಮಾಡ್ತಾನೆ, ಅಂದ್ರೆ ನೆರಳಿನ ಮರದ ಕೊಂಬೆ ಕಡೀತಾನೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಕೆಟ್ರೆ ಬಿಚ್ಚಿ ರಿಪೇರಿ ಮಾಡ್ತಾನೆ, ಆದ್ರೂ ಕೂಲಿ ಅದೇ ಕುಯ್ಲಿನವ್ರ ಕೂಲಿ, ಯಾಕಂದ್ರೆ ಅವ್ನಿಗೆ ಕನ್ನಡ ಬರಲ್ವಂತೆ. ಬರೋದು ಹೇಗೆ, ಕಲಿಸಿದೋರು ಯಾರು? ಕನ್ನಡ ಕಲೀರಿ ಅಂತ ಗದರೋಕೆ ನಾವೆಲ್ಲ ಮುಂದೆ. ಪಕ್ಕದ ಕೇರಳ ನೋಡಿ, 2017ರಲ್ಲೇ ಪೆರುಂಬಾವೂರಲ್ಲಿ ಚಂಗಾತಿ ಅಂತ ಶುರುಮಾಡಿ ವಲಸೆ ಬಂದವ್ರಿಗೆ ಮಲಯಾಳಂ ಕಲಿಸಿದ್ರು. ಕುಯ್ಲು ಮುಗಿದ ಮೇಲೆ ಸಂಜೆ ಒಂದು ಗಂಟೆ, ಲೈನ್ ಮನೆ ಮುಂದೆ ಒಂದು ಬೋರ್ಡು, ನಮ್ಮ ಡಿಗ್ರಿ ಓದಿರೋ ಹುಡುಗ್ರು ಒಬ್ಬಿಬ್ರು ಸಾಕು, ಖರ್ಚೇನೂ ಇಲ್ಲ.

ಮೊನ್ನೆ ಫೋನಲ್ಲಿ ಅಪ್ಪನಿಗೆ ಇದನ್ನೇ ಹೇಳ್ದೆ, ಮೊದಲು ಪಲ್ಪರ್ ನೋಡ್ಕೊಳ್ಳೋ ಹುಡುಗನ ಹೆಸರು ಚೆಕ್‌ರೋಲಲ್ಲಿ ಬರೆಸಿ, ಬಟವಾಡೆ ಅವ್ನ ಕೈಗೇ ಕೊಡಿ ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ "ಸರಿ ಕಣೋ, ತಡಿ, ಅವ್ನ ಹೆಸರೇನು ಅಂತ ರೈಟರ್ ಹತ್ರ ಕೇಳ್ಬೇಕು" ಅಂದ್ರು.