ಸತ್ಯಾಂಶ: ಟಿಟಿ ಚೆಂಡು ಗಾಳಿಯಲ್ಲೇ ಬಾಗುತ್ತದೆ

'ಟೇಬಲ್ ಟೆನಿಸ್ ಚೆಂಡು ಗಾಳಿಯಲ್ಲಿ ಬಾಗೋದು ಬರೀ ಕಣ್ಣಿನ ಭ್ರಮೆ, ಟೇಬಲ್ ಮುಟ್ಟಿದ ಮೇಲಷ್ಟೇ ತಿರುಗೋದು' ಅನ್ನುವ ಮೆಸೇಜು ಸುತ್ತುತ್ತಲೇ ಇರುತ್ತದೆ. ತುಮಕೂರಿನ ನಮ್ಮ ಆಟದ ಗುಂಪಿಗೂ ಬಂತು. ನಂಬಿದವರನ್ನು ಅನ್ನುವಂತಿಲ್ಲ, ಚೆಂಡು ಕಣ್ಣಿಗೆ ಸಿಗದಷ್ಟು ಬೇಗ ಹೋಗುತ್ತದೆ. ಆದರೆ ಮಾತು ತಪ್ಪು.

ಚೆಂಡಿನ ತೂಕ 2.7 ಗ್ರಾಂ, ಅಡ್ಡಳತೆ 40 ಮಿ.ಮೀ. ಇಷ್ಟು ಹಗುರ ಇರುವುದರಿಂದ ಗಾಳಿಯ ತಳ್ಳಾಟ ಅದಕ್ಕೆ ಜಾಸ್ತಿ ತಾಗುತ್ತದೆ. ಟಾಪ್‌ಸ್ಪಿನ್ ಕೊಟ್ಟರೆ ಚೆಂಡಿನ ಮೇಲ್ಭಾಗ ಮುಂದಕ್ಕೆ ಉರುಳುತ್ತಾ ಹೋಗುತ್ತದೆ. ಆಗ ಅದರ ಹಿಂದೆ ಗಾಳಿ ಮೇಲಕ್ಕೆ ತಿರುಗುತ್ತದೆ, ಅದಕ್ಕೆ ಎದುರಾಗಿ ಚೆಂಡು ಕೆಳಕ್ಕೆ ಒತ್ತಲ್ಪಡುತ್ತದೆ. ಹೊರಗೆ ಹೋಯ್ತು ಅಂತ ಬ್ಯಾಟ್ ಇಳಿಸುವಷ್ಟರಲ್ಲಿ ಟೇಬಲ್ಲಿನ ತುದಿಗೆ ಬಿದ್ದಿರುತ್ತದೆ, ಅಲ್ವಾ? ಬ್ಯಾಕ್‌ಸ್ಪಿನ್ (ಹಿಮ್ಮುಖವಾಗಿ ತಿರುಗುವುದು) ಆದರೆ ತೇಲುತ್ತದೆ, ಸೈಡ್‌ಸ್ಪಿನ್ (ಬುಗುರಿಯಂತೆ ಅಡ್ಡಕ್ಕೆ ತಿರುಗುವುದು) ಆದರೆ ಪಕ್ಕಕ್ಕೆ ಎಳೆಯುತ್ತದೆ. ಟೆನಿಸ್ ಚೆಂಡು ಹೀಗೆ ಬಾಗುವುದನ್ನು ನ್ಯೂಟನ್ 1672ರಲ್ಲೇ ಬರೆದಿದ್ದ.

ಟೇಬಲ್ ಮುಟ್ಟಿದಾಗಲೂ ಉಜ್ಜಾಟದಿಂದ ದಿಕ್ಕು, ವೇಗ ಬದಲಾಗುವುದು ನಿಜ. ಮೆಸೇಜಿನಲ್ಲಿ ಅಷ್ಟು ಮಾತ್ರ ಸರಿ.

ಸುಮ್ನೆ ನನ್ನ ಮಾತು ನಂಬಬೇಡಿ. ಫ್ಯಾನ್ ಆರಿಸಿ. ಎ4 ಹಾಳೆಯನ್ನು ಕೊಳವೆಯಂತೆ ಸುತ್ತಿ ಅಂಟಿಸಿ, ಓರೆಯಾಗಿಟ್ಟ ಹಲಗೆ ಮೇಲಿಂದ ಮೇಜಿನ ಅಂಚಿಗೆ ಉರುಳಿಸಿ. ಮುಂದಕ್ಕೆ ಬೀಳಬೇಕಾದ್ದು ಹಿಂದಕ್ಕೆ ಬಾಗಿ ಮೇಜಿನ ಕೆಳಗೇ ನುಗ್ಗುತ್ತದೆ. ಸೈಡ್‌ಸ್ಪಿನ್ ನೋಡಬೇಕಾ? ಆಟಗಾರನ ಬೆನ್ನ ಹಿಂದೆ ಮೊಬೈಲ್ ಇಟ್ಟು ಸ್ಲೋ ಮೋಷನ್ ವಿಡಿಯೊ ಮಾಡಿ. ವಿಡಿಯೊದಲ್ಲಿ ಚೆಂಡು ಟೇಬಲ್ ಮುಟ್ಟುವ ಮುಂಚಿನ ದಾರಿಯ ಮೇಲೆ, ಪರದೆಗೆ ಒಂದು ಸ್ಕೇಲ್ ಇಟ್ಟು ನೋಡಿ. ನಾವು ನೋಡಿದಾಗ ಗೆರೆ ನೇರ ಇರಲಿಲ್ಲ.