ಪೂರ್ವ ಆಫ್ರಿಕಾದ ಒಕ್ಕೂಟವನ್ನು ಅಲ್ಲಿನ ಮತದಾರರ ಮುಂದಿಡಬೇಕು

1960ರಲ್ಲಿ ಟ್ಯಾಂಗನೀಕಾದ (ಇಂದಿನ ತಾಂಜಾನಿಯದ ಮುಖ್ಯ ಭೂಭಾಗ) ನಾಯಕ ಜೂಲಿಯಸ್ ನೈರೆರೆ ಅವರು ಮುಂದಿಟ್ಟ ಒಂದು ಪ್ರಸ್ತಾವವನ್ನು ಮೊದಲ ಸಲ ಓದಿದಾಗ ನಾನು ಪುಟ ತಿರುಗಿಸದೆ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದೆ. ಟ್ಯಾಂಗನೀಕಾದ ಸ್ವಾತಂತ್ರ್ಯ ಆಗ ಕೈಗೆಟುಕುವಷ್ಟು ಹತ್ತಿರ ಬಂದಿತ್ತು; ನೆರೆಯ ಕೀನ್ಯಾ ಮತ್ತು ಉಗಾಂಡ ಇನ್ನೂ ಕಾಯಬೇಕಾಗಿತ್ತು. ಮೂರೂ ನಾಡುಗಳು ಒಂದೇ ಒಕ್ಕೂಟವಾಗಿ ಸ್ವತಂತ್ರವಾಗುವುದಾದರೆ ತಮ್ಮ ದೇಶದ ಸ್ವಾತಂತ್ರ್ಯವನ್ನು ಸ್ವಲ್ಪ ಕಾಲ ಮುಂದೂಡಲು ತಾವು ಸಿದ್ಧ ಎಂದು ಅವರು ಹೇಳಿದರು. ವಸಾಹತು ಆಳ್ವಿಕೆಯ ವಿರುದ್ಧ ಹೋರಾಡಿದ ನಾಯಕರೊಬ್ಬರ ಬಾಯಲ್ಲಿ ಈ ಮಾತು ಬಂದಿತೆಂದರೆ, ನೆರೆಯವರೊಂದಿಗೆ ಒಂದಾಗುವುದು ಅವರಿಗೆ ಎಷ್ಟು ಮುಖ್ಯವಾಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅವರ ಲೆಕ್ಕಾಚಾರ ಸರಳವಾಗಿತ್ತು. ಪ್ರತಿಯೊಂದು ದೇಶಕ್ಕೂ ಅದರದೇ ಧ್ವಜ, ರಾಷ್ಟ್ರಗೀತೆ, ವಿಶ್ವಸಂಸ್ಥೆಯಲ್ಲಿ ಒಂದು ಆಸನ, ಒಂದು ಮಂತ್ರಿಮಂಡಲ ಬಂದ ಮೇಲೆ, ಅವುಗಳಿಂದ ಅಧಿಕಾರ ಪಡೆದವರು ಅವನ್ನು ಬಿಟ್ಟುಕೊಡಲಾರರು. 1997ರಲ್ಲಿ ಘಾನಾದ ಅಕ್ರಾದಲ್ಲಿ ಮಾತನಾಡುವಾಗಲೂ ಅವರು ಇದನ್ನೇ ನೆನಪಿಸಿದರು. ಅಷ್ಟರೊಳಗೆ ಅವರ ಆತಂಕ ನಿಜವಾಗಿತ್ತು. 1963ರ ಜೂನ್ 5ರಂದು ನೈರೋಬಿಯಲ್ಲಿ ಕೀನ್ಯಾದ ನಾಯಕ ಕೆನ್ಯಾಟ್ಟ, ನೈರೆರೆ ಮತ್ತು ಉಗಾಂಡದ ನಾಯಕ ಒಬೋಟೆ ಅವರು ಆ ವರ್ಷ ಮುಗಿಯುವುದರೊಳಗೆ ಒಕ್ಕೂಟ ರಚಿಸುವುದಾಗಿ ಘೋಷಿಸಿದ್ದರು. ವರ್ಷ ಮುಗಿಯಿತು, ಒಕ್ಕೂಟ ಬರಲಿಲ್ಲ. ಒಂದೇ ಶಿಲ್ಲಿಂಗ್, ಒಂದೇ ರೈಲ್ವೆ, ಒಂದೇ ಅಂಚೆ ವ್ಯವಸ್ಥೆಯನ್ನು ವಸಾಹತು ಕಾಲದಿಂದಲೇ ಹಂಚಿಕೊಂಡು ಬಂದಿದ್ದ ಮೂರು ದೇಶಗಳು 1966ರ ಹೊತ್ತಿಗೆ ತಮ್ಮ ತಮ್ಮ ನೋಟುಗಳನ್ನು ಅಚ್ಚು ಹಾಕಿಸತೊಡಗಿದವು.

ನಾನು ಪೂರ್ವ ಆಫ್ರಿಕಾದ ರಾಜಕೀಯ ಒಕ್ಕೂಟದ ಪರ. ಗಡಿಗೆರೆಗಳನ್ನು ಎಳೆದವರು ಯುರೋಪಿನವರು. ಮಸಾಯಿ ಜನರ ಮೇಯುವ ನೆಲ ಕೀನ್ಯಾ ಮತ್ತು ತಾಂಜಾನಿಯಗಳ ನಡುವೆ ಹೋಳಾದದ್ದು ಅವರನ್ನು ಕೇಳಿ ಅಲ್ಲ. ಬುಸಿಯ ಎಂಬ ಊರನ್ನೇ ನೋಡಿ. ಅದರ ಒಂದು ಪಾಲು ಕೀನ್ಯಾದಲ್ಲಿದೆ, ಇನ್ನೊಂದು ಪಾಲು ಅದೇ ಹೆಸರಿನಲ್ಲಿ ಉಗಾಂಡದಲ್ಲಿದೆ. ಎರಡೂ ಕಡೆ ಒಂದೇ ಕುಲದ, ಒಂದೇ ಮಾತಿನ ಜನರಿದ್ದಾರೆ. ಈಗ ಅಲ್ಲಿ ಎರಡು ದೇಶಗಳ ಅಧಿಕಾರಿಗಳು ಒಂದೇ ಕಟ್ಟಡದಲ್ಲಿ ಕುಳಿತು, ಒಬ್ಬರು ನಿರ್ಗಮನದ ಮುದ್ರೆಯನ್ನೂ ಇನ್ನೊಬ್ಬರು ಪ್ರವೇಶದ ಮುದ್ರೆಯನ್ನೂ ಒತ್ತುತ್ತಾರೆ. ಇದು ಸಣ್ಣ ಸುಧಾರಣೆಯಲ್ಲ. ಆದರೆ ಮುದ್ರೆಗಳು ಈಗಲೂ ಎರಡೇ.

ಹೀಗಿದ್ದೂ ಒಕ್ಕೂಟಕ್ಕೆ ಹೆದರುವವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ. ಆ ಭಯಕ್ಕೆ ಇತಿಹಾಸವಿದೆ. ಪೂರ್ವ ಆಫ್ರಿಕಾದಲ್ಲಿ ಒಕ್ಕೂಟ ಎಂಬ ಪದವನ್ನು ಮೊದಲು ಬಳಸಿದವರಲ್ಲಿ ಕೀನ್ಯಾದ ಬಿಳಿಯ ಜಮೀನುದಾರರಿದ್ದರು. ಅವರಿಗೆ ಬೇಕಾಗಿದ್ದುದು ಇಡೀ ಪ್ರದೇಶದ ಮೇಲೆ ತಮ್ಮ ಹಿಡಿತ. 1953ರಲ್ಲಿ ಬ್ರಿಟನ್ನಿನ ವಸಾಹತು ಸಚಿವರು ಅಂಥದೊಂದು ಒಕ್ಕೂಟದ ಸುಳಿವು ಕೊಟ್ಟಾಗ ಉಗಾಂಡದೊಳಗಿನ ಬುಗಾಂಡ ರಾಜ್ಯ ಕೆರಳಿತು, ಅದರ ರಾಜರಾದ ಎರಡನೆಯ ಮುಟೇಸ ಅವರು ಪ್ರತಿಭಟಿಸಿದರು, ಮತ್ತು ಬ್ರಿಟಿಷರು ಅವರನ್ನು ಗಡಿಪಾರು ಮಾಡಿದರು. ಇಂದಿನ ಭಯ ಬೇರೆ ಬಗೆಯದು. ಗಡಿ ತೆರೆದರೆ ಬಂಡವಾಳವುಳ್ಳ ಕೀನ್ಯಾದವರು ಬಂದು ತಮ್ಮ ಜಮೀನನ್ನು ಕೊಂಡುಕೊಳ್ಳುತ್ತಾರೆಂದು ತಾಂಜಾನಿಯದ ರೈತರು ಆತಂಕಪಡುತ್ತಾರೆ. ಈ ದೇಶಗಳ ನಡುವೆ 2010ರಲ್ಲಿ ಜಾರಿಗೆ ಬಂದ ಸಾಮಾನ್ಯ ಮಾರುಕಟ್ಟೆಯ ಒಪ್ಪಂದವು ಜಮೀನಿನ ವಿಷಯವನ್ನು ಆಯಾ ದೇಶದ ಕಾನೂನಿಗೇ ಬಿಟ್ಟಿತು. ಒಕ್ಕೂಟದ ಪ್ರಚಾರಕರು ಹಳ್ಳಿಗೆ ಹೋಗಿ ಮೊದಲು ಹೇಳಬೇಕಾದ ಮಾತು ಇದೇ: ನಿಮ್ಮ ನೆಲ ನಿಮ್ಮದೇ, ಮತ್ತು ಅದನ್ನು ಒಕ್ಕೂಟದ ಸಂವಿಧಾನದಲ್ಲಿಯೂ ಬರೆಯಲಾಗುತ್ತದೆ.

ನನ್ನ ನಿಜವಾದ ತಕರಾರು ಇರುವುದು ಈ ಒಕ್ಕೂಟವನ್ನು ಇಂದಿಗೂ ರಾಷ್ಟ್ರಾಧ್ಯಕ್ಷರ ಸ್ನೇಹದ ಮೇಲೆ ನಿಲ್ಲಿಸಿರುವುದರ ಬಗ್ಗೆ. 1967ರಲ್ಲಿ ಕಟ್ಟಿದ ಮೊದಲ ಪೂರ್ವ ಆಫ್ರಿಕಾ ಸಮುದಾಯ ಮುರಿದುಬಿದ್ದದ್ದಕ್ಕೆ ಒಂದು ಮುಖ್ಯ ಕಾರಣ ಅದೇ. 1971ರಲ್ಲಿ ಇದಿ ಅಮೀನ್ ಉಗಾಂಡದಲ್ಲಿ ಸೇನಾ ಬಲದಿಂದ ಅಧಿಕಾರ ಹಿಡಿದ. ನೈರೆರೆ ಅವರು ಅವನೊಂದಿಗೆ ಒಂದೇ ಮೇಜಿನಲ್ಲಿ ಕೂರಲು ಒಪ್ಪಲಿಲ್ಲ. ಅವರ ನಿಲುವು ನ್ಯಾಯವಾದದ್ದೇ, ಆದರೆ ಮೂವರು ಅಧ್ಯಕ್ಷರು ಸೇರದಿದ್ದರೆ ಅಂತಿಮ ತೀರ್ಮಾನವೇ ಸಾಧ್ಯವಿಲ್ಲದಂತೆ ಸಂಸ್ಥೆಯನ್ನು ರಚಿಸಲಾಗಿತ್ತು. 1977ರ ಆರಂಭದಲ್ಲಿ ಜಂಟಿ ವಿಮಾನ ಸಂಸ್ಥೆ ನಿಂತುಹೋಯಿತು, ತಾಂಜಾನಿಯವು ಕೀನ್ಯಾದೊಂದಿಗಿನ ಗಡಿಯನ್ನು ಮುಚ್ಚಿತು, ಅದೇ ವರ್ಷ ಸಮುದಾಯವೂ ಕೊನೆಗೊಂಡಿತು. ಆ ಗಡಿ ಮತ್ತೆ ತೆರೆದದ್ದು 1983ರಲ್ಲಿ.

1999ರಲ್ಲಿ ತಾಂಜಾನಿಯದ ಅರೂಷದಲ್ಲಿ ಸಹಿಯಾಗಿ ಸಮುದಾಯವನ್ನು ಮತ್ತೆ ಕಟ್ಟಿದ ಹೊಸ ಒಪ್ಪಂದವು ಸುಂಕ ಒಕ್ಕೂಟ, ಸಾಮಾನ್ಯ ಮಾರುಕಟ್ಟೆ, ಒಂದೇ ನಾಣ್ಯ, ಕೊನೆಗೆ ರಾಜಕೀಯ ಒಕ್ಕೂಟ ಎಂಬ ದಾರಿಯನ್ನು ಸ್ಪಷ್ಟವಾಗಿಯೇ ಹಾಕಿಕೊಟ್ಟಿದೆ. 2017ರಲ್ಲಿ ನಾಯಕರು ಪೂರ್ಣ ಒಕ್ಕೂಟಕ್ಕೆ ಮೊದಲ ಮೆಟ್ಟಿಲಾಗಿ ಸಡಿಲವಾದ ರಾಜ್ಯಮಂಡಲವೊಂದನ್ನು ಒಪ್ಪಿಕೊಂಡರು. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ 2022ರಲ್ಲಿ, ಸೊಮಾಲಿಯ 2024ರಲ್ಲಿ ಸೇರಿ ಸದಸ್ಯ ದೇಶಗಳು ಎಂಟಾಗಿವೆ. ಸಂಖ್ಯೆ ಬೆಳೆದಂತೆ ನನ್ನ ಆತಂಕವೂ ಬೆಳೆದಿದೆ. ಏಕೆಂದರೆ ಇದೇ ಸಮುದಾಯದ ಸದಸ್ಯರಾದ ಉಗಾಂಡ ಮತ್ತು ರುವಾಂಡಗಳ ಆಳುವವರು ಮುನಿಸಿಕೊಂಡಾಗ, ಗಟೂನದ ಗಡಿ 2019ರಿಂದ 2022ರವರೆಗೆ ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಆಚೆ ಈಚೆ ಬಂಧುಬಳಗವಿದ್ದವರು, ತಲೆಯ ಮೇಲೆ ಸರಕು ಹೊತ್ತು ವ್ಯಾಪಾರ ಮಾಡುತ್ತಿದ್ದ ಹೆಂಗಸರು ಯಾರಿಗೆ ಮೊರೆಯಿಡಬೇಕಿತ್ತು? ಅವರು ಮತ ಹಾಕಿ ಆರಿಸಿದ ಒಬ್ಬನೇ ಒಬ್ಬ ಪ್ರತಿನಿಧಿಯೂ ಸಮುದಾಯದ ಕೇಂದ್ರವಾದ ಅರೂಷದಲ್ಲಿ ಇರಲಿಲ್ಲ.

ಪೂರ್ವ ಆಫ್ರಿಕಾದ ಶಾಸನಸಭೆಗೆ ಪ್ರತಿ ದೇಶದಿಂದ ಒಂಬತ್ತು ಸದಸ್ಯರು ಆಯ್ಕೆಯಾಗುತ್ತಾರೆ, ಆದರೆ ಅವರನ್ನು ಆರಿಸುವುದು ಜನರಲ್ಲ, ಆಯಾ ದೇಶದ ಸಂಸತ್ತು. ಒಪ್ಪಂದದ 50ನೆಯ ವಿಧಿ ಹೇಳುವುದೇ ಹಾಗೆ. ಒಕ್ಕೂಟಕ್ಕಾಗಿ ದುಡಿಯುವವರು ತಮ್ಮ ಶಕ್ತಿಯನ್ನೆಲ್ಲ ಮೊದಲು ಈ ಒಂದು ವಿಧಿಯ ತಿದ್ದುಪಡಿಗೆ ಹಾಕಬೇಕೆಂಬುದು ನನ್ನ ಒತ್ತಾಯ. ಶೃಂಗಸಭೆಯ ಇನ್ನೊಂದು ಘೋಷಣೆ, ಇನ್ನೊಂದು ಗಡುವು ಬೇಡ. ಬುಸಿಯದ ಎರಡೂ ಬದಿಯ ಮತದಾರರು ಒಂದೇ ದಿನ ಒಂದೇ ಸಭೆಗೆ ಪ್ರತಿನಿಧಿಗಳನ್ನು ಆರಿಸುವಂತಾಗಲಿ. ಅಭ್ಯರ್ಥಿಗಳು ಸ್ವಾಹಿಲಿಯಲ್ಲಿ ಗಡಿ ದಾಟಿ ಪ್ರಚಾರ ಮಾಡಲಿ, ಜಮೀನಿನ ಪ್ರಶ್ನೆಗೂ ಗಡಿ ಮುಚ್ಚಿದವರ ಪ್ರಶ್ನೆಗೂ ಜನರ ಎದುರೇ ಉತ್ತರ ಕೊಡಲಿ. ಈಗಿನ ಸಭೆಯ ಅವಧಿ 2027ರಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ತಿದ್ದುಪಡಿ ಆಗುವುದು ಕಷ್ಟವೆಂದು ಬಲ್ಲೆ, ಆದರೂ ಆ ಬೇಡಿಕೆಯನ್ನು ಎತ್ತಲು ಅದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಕಾಣುತ್ತಿಲ್ಲ.