ಮತ್ತೆ ಗಾಳ ಹಿಡಿಯುವವರು ಮೊದಲು ನೀರು ನೋಡಿ, ಆಮೇಲೆ ಅಂಗಡಿಗೆ ಹೋಗಿ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಗಾಳ ಹಾಕುವುದು ಕಲಿತು, ಆಮೇಲೆ ಮನೆ, ಮಕ್ಕಳು, ಕೆಲಸ ಅಂತ ಬಿಟ್ಟು, ಈಗ ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ನೀರಿನ ಕಡೆ ಮುಖ ಮಾಡಿರುವ ನಮ್ಮವರು ಸಾಕಷ್ಟು ಜನ ಇದ್ದಾರೆ. ಮೊನ್ನೆ ಮಿಲ್ಟನ್ ಕೀನ್ಸ್‌ನಿಂದ ಗೆಳೆಯನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಅಂಗಡಿಲಿ ಒಳ್ಳೆ ಸೆಟ್ ಇದೆ. ಹನ್ನೆರಡು ಅಡಿದು ಎರಡು ಕಾರ್ಪ್ ರಾಡು, ಎರಡು ದೊಡ್ಡ ರೀಲು, ಮೀನು ಕಚ್ಚಿದ್ರೆ ಕೂಗೋ ಅಲಾರಂ ಎಲ್ಲಾ ಸೇರಿ ಒಂದೇ ರೇಟು. ತಗೊಂಡುಬಿಡ್ಲಾ?"

ಬೇಡ ಅಂದೆ. ಯಾಕೆ ಬೇಡ ಅನ್ನುವುದನ್ನು ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಇದೇ ಪ್ರಶ್ನೆ ಇನ್ನೂ ಹಲವರಿಗೆ ಇರುವುದರಿಂದ ಇಲ್ಲೇ ಬರೆಯುತ್ತಿದ್ದೇನೆ.

ಊರಿನಲ್ಲಿರುವ ಗೆಳೆಯರಿಗಾಗಿ ಒಂದು ಮಾತು. ಇಲ್ಲಿ ಸಿಹಿನೀರಿನ ಮೀನುಗಳಲ್ಲಿ ಸಾಲ್ಮನ್, ಟ್ರೌಟ್ ಜಾತಿಯವನ್ನು ಬಿಟ್ಟು ಉಳಿದದ್ದನ್ನು ಹಿಡಿಯುವುದಕ್ಕೆ ಕೋರ್ಸ್ ಫಿಶಿಂಗ್ ಅನ್ನುತ್ತಾರೆ. ರೋಚ್, ಬ್ರೀಮ್, ಟೆಂಚ್, ಪರ್ಚ್, ಚಬ್, ಬಾರ್ಬೆಲ್, ಪೈಕ್ ಎಲ್ಲ ಇದರಲ್ಲಿ ಬರುತ್ತವೆ. ಕಾರ್ಪ್ ನಿಮಗೂ ಗೊತ್ತು, ನಮ್ಮ ಕೆರೆಗಳಿಗೆ ಮರಿ ತಂದು ಬಿಡುವ ಸಾಮಾನ್ಯ ಗೆಂಡೆ. ಇಲ್ಲಿ ಇವನ್ನು ಸಾರು ಮಾಡಲು ಹಿಡಿಯುವುದಿಲ್ಲ. ಹಿಡಿದು, ಕೊಕ್ಕೆ ಬಿಡಿಸಿ, ಮತ್ತೆ ನೀರಿಗೇ ಬಿಡುತ್ತಾರೆ. ರಾಡು, ರೀಲಿನ ಆಯ್ಕೆಗೂ ಇದಕ್ಕೂ ನೇರ ಸಂಬಂಧವಿದೆ. ಮೀನು ಬೇಗ ದಡಕ್ಕೆ ಬರಬೇಕು, ಅದರ ಬಾಯಿ ಹರಿಯಬಾರದು, ಮುರಿದ ದಾರ ಎಳೆದುಕೊಂಡು ಅದು ಓಡಬಾರದು.

ಹಾಗಾದರೆ ಏನು ತಗೊಳ್ಳಬೇಕು? ನನ್ನ ಉತ್ತರ: ಹದಿಮೂರು ಅಡಿಯ ಒಂದು ಫ್ಲೋಟ್ ರಾಡ್, ಅಂದರೆ ಬೆಂಡು ಕಟ್ಟಿ ಹಿಡಿಯುವ ರಾಡು, 3000 ಸೈಜಿನ ಒಂದು ಸಾದಾ ಫಿಕ್ಸೆಡ್ ಸ್ಪೂಲ್ ರೀಲ್, ಅಂದರೆ ಎಸೆಯುವಾಗ ದಾರದ ಉರುಳೆ ತಿರುಗದ ರೀಲ್, ಅದಕ್ಕೆ ನಾಲ್ಕು ಪೌಂಡಿನ ಎಳೆತ ತಡೆಯುವ ದಾರ. ಮೊದಲ ವರ್ಷಕ್ಕೆ ಇಷ್ಟು ಸಾಕು.

ಕಾರ್ಪ್ ಸೆಟ್ ಕೆಟ್ಟದ್ದು ಅಂತಲ್ಲ. ಅದು ಬೇರೆ ಕೆಲಸಕ್ಕೆ ಮಾಡಿದ ಸಾಮಾನು. ಆ ರಾಡುಗಳ ಮೇಲೆ 2.75 ಅಥವಾ 3 ಪೌಂಡ್ ಟೆಸ್ಟ್ ಕರ್ವ್ ಎಂದು ಬರೆದಿರುತ್ತದೆ. ರಾಡಿನ ಬುಡ ಅಲುಗದಂತೆ ಹಿಡಿದು ತುದಿಗೆ ತೂಕ ಕಟ್ಟಿದಾಗ, ತುದಿ ಬುಡಕ್ಕೆ ಲಂಬವಾಗಿ ಬಾಗಲು ಎಷ್ಟು ತೂಕ ಬೇಕೋ ಅದು ಟೆಸ್ಟ್ ಕರ್ವ್. ಮೂರು ಪೌಂಡ್ ಅಂದರೆ ಬಹಳ ಗಡುಸು. ಭಾರದ ಸೀಸ ಕಟ್ಟಿ ದೊಡ್ಡ ಕೆರೆಯ ಆಚೆ ದಡದ ಹತ್ತಿರಕ್ಕೆ ಎಸೆಯುವವರಿಗೆ ಅದು ಬೇಕು. ಮನೆ ಪಕ್ಕದ ಕಾಲುವೆಯಲ್ಲಿ ಅರ್ಧ ಪೌಂಡಿನ ರೋಚ್ ಹಿಡಿಯುವವರಿಗೆ ಬೇಡ. ರೋಚ್‌ನ ತುಟಿ ಮೆದು. ಗಡುಸು ರಾಡಿನಲ್ಲಿ ಒಂದು ಜಗ್ಗು ಜಗ್ಗಿದರೆ ಕೊಕ್ಕೆ ಕಿತ್ತು ಬರುತ್ತದೆ. ಕಿತ್ತು ಬರದಿದ್ದರೂ ಆ ಕಡೆ ಮೀನು ಇದೆಯೋ ಇಲ್ಲವೋ ಅನ್ನುವುದೇ ಕೈಗೆ ತಿಳಿಯುವುದಿಲ್ಲ.

ಇನ್ನೊಂದು ಸಂಗತಿ. 1952ರ ಸೆಪ್ಟೆಂಬರಿನಲ್ಲಿ ಇಲ್ಲಿನ ಗಾಳದವರಲ್ಲಿ ಹೆಸರಾದ ರಿಚರ್ಡ್ ವಾಕರ್ ಹೆರೆಫರ್ಡ್‌ಶೈರಿನ ರೆಡ್ಮೈರ್ ಪೂಲ್‌ನಲ್ಲಿ 44 ಪೌಂಡಿನ ಕಾರ್ಪ್ ಹಿಡಿದರು. ಆ ಕಾಲಕ್ಕೆ ಅದು ಬ್ರಿಟನ್ನಿನ ದಾಖಲೆ. ಮೀನನ್ನು ಲಂಡನ್ ಮೃಗಾಲಯಕ್ಕೆ ಕೊಟ್ಟರು. ಅವರ ಕೈಯಲ್ಲಿ ಇದ್ದದ್ದು ಬಿದಿರಿನ ಸೀಳುಗಳನ್ನು ಅಂಟಿಸಿ ಅವರೇ ಮಾಡಿಕೊಂಡಿದ್ದ ಹತ್ತು ಅಡಿಯ ರಾಡು, ಟೆಸ್ಟ್ ಕರ್ವ್ ಸುಮಾರು ಒಂದೂವರೆ ಪೌಂಡ್. ಇಂದು ಹತ್ತು ಪೌಂಡಿನ ಮೀನಿಗೆ ಅದರ ದುಪ್ಪಟ್ಟು ಗಡುಸಿನ ರಾಡು ಮಾರುತ್ತಿರುವುದು ದೂರ ಎಸೆಯುವ ಸಲುವಾಗಿ, ಮೀನಿನ ಬಲಕ್ಕಲ್ಲ. ನಿಮ್ಮ ಕೆರೆಯಲ್ಲಿ ಕಾರ್ಪ್ ಬಿಟ್ಟು ಬೇರೇನೂ ಇಲ್ಲ ಅನ್ನುವುದಾದರೆ 1.75ರಿಂದ 2.25 ಪೌಂಡಿನ ಒಂದು ರಾಡು ತಗೊಳ್ಳಿ, ದಡದ ಹತ್ತಿರವೇ ಹಿಡಿಯಿರಿ. ಅವು ಅಂಚಿಗೇ ಬಂದು ಮೇಯುತ್ತವೆ.

ಹದಿಮೂರು ಅಡಿ ಯಾಕೆ ಅಂದರೆ, ಉದ್ದ ಇದ್ದಷ್ಟೂ ನೀರಿನ ಮೇಲೆ ಬಿದ್ದಿರುವ ದಾರವನ್ನು ಎತ್ತಿ ಬೆಂಡನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಒಂದೇ ಜಾಗದಲ್ಲಿ ಬಿಗಿದ ಬೆಂಡನ್ನು ರಾಡಿನ ಉದ್ದಕ್ಕಿಂತ ಆಳಕ್ಕೆ ಹೊಂದಿಸಿದರೆ ಎಸೆಯಲು ಆಗುವುದಿಲ್ಲ. ಹಾಗಾಗಿ ಹತ್ತು ಅಡಿ ನೀರಿರುವ ಕೆರೆಗೆ ಗಿಡ್ಡ ರಾಡು ತೊಡಕು. ಮರಗಿಡ ಬಾಗಿರುವ ಸಣ್ಣ ಕಾಲುವೆ ಮಾತ್ರ ಆದರೆ ಹನ್ನೊಂದು ಅಡಿಯೇ ಸರಿ.

ಅಂಗಡಿಯಲ್ಲಿ ರಾಡನ್ನು ಗಾಳಿಯಲ್ಲಿ ಬೀಸಿ ನೋಡಿ ಏನೂ ಗೊತ್ತಾಗುವುದಿಲ್ಲ. ರೀಲ್ ಸಿಕ್ಕಿಸಿ ಹಿಡಿಯಿರಿ. ಹದಿಮೂರು ಅಡಿಯ ರಾಡು ಮುಂಭಾರ ಆಗಿದ್ದರೆ ಒಂದು ಗಂಟೆಯಲ್ಲಿ ಮಣಿಕಟ್ಟು ಹೇಳುತ್ತದೆ. ದಾರ ಪೋಣಿಸಿ, ದಾರದ ತುದಿಯನ್ನು ಅಂಗಡಿಯವರ ಕೈಗೆ ಕೊಟ್ಟು ಮೆಲ್ಲಗೆ ಎಳೆಯಲು ಹೇಳಿ. ಮೊದಲು ತುದಿ ಬಾಗಬೇಕು, ಎಳೆತ ಹೆಚ್ಚಿದಂತೆ ಬಾಗು ನಡುವಿಗೆ ಇಳಿಯಬೇಕು. ತುದಿ ಮಾತ್ರ ಬಾಗಿ ಕೆಳಗೆ ಕೋಲಿನಂತೆ ನಿಂತರೆ ದೊಡ್ಡ ಟೆಂಚ್ ಬಿದ್ದ ದಿನ ದಾರ ಹೋಗುತ್ತದೆ. ಬಾಗಿದಾಗ ದಾರ ಉಂಗುರಗಳ ನಡುವೆ ರಾಡಿಗೆ ಉಜ್ಜುತ್ತದೆಯೇ ಅನ್ನುವುದನ್ನೂ ನೋಡಿ.

ಇನ್ನು ರೀಲ್. ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಯ ಮನೆತನದ ಇಲ್ಲಿಂಗ್‌ವರ್ತ್ 1905ರಲ್ಲಿ ಫಿಕ್ಸೆಡ್ ಸ್ಪೂಲ್ ರೀಲಿಗೆ ಪೇಟೆಂಟ್ ಪಡೆದರು. ನೂಲಿನ ಉಂಡೆ ತಿರುಗುವುದಿಲ್ಲ, ನೂಲು ಮಾತ್ರ ಅಂಚಿನಿಂದ ಜಾರಿ ಹೋಗುತ್ತದೆ ಅನ್ನುವ ಗಿರಣಿಯ ತತ್ವವೇ ಅದರಲ್ಲಿರುವುದು. ಇಂದಿಗೂ ಮೂಲ ಕೆಲಸ ಅದೇ. ಆದ್ದರಿಂದ ಡಬ್ಬಿಯ ಮೇಲೆ ಹತ್ತು ಬೇರಿಂಗ್, ಹನ್ನೆರಡು ಬೇರಿಂಗ್ ಅಂತ ಬರೆದಿದ್ದಕ್ಕೆ ದುಡ್ಡು ಹಾಕಬೇಡಿ. ಕಳಪೆ ಬೇರಿಂಗ್ ಎಷ್ಟಿದ್ದರೂ ಕಳಪೆಯೇ.

ನೋಡಬೇಕಾದ್ದು ಕ್ಲಚ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ವ್ಯವಸ್ಥೆ. ಅದನ್ನು ಸಡಿಲ ಮಾಡಿ, ದಾರವನ್ನು ಸ್ಪೂಲಿಗೆ ಸುತ್ತುವ ತಂತಿಯ ಕಮಾನು, ಅಂದರೆ ಬೇಲ್, ಮುಚ್ಚಿ, ದಾರವನ್ನು ಬೆರಳಿನಲ್ಲಿ ಹಿಡಿದು ತೀರಾ ನಿಧಾನ ಎಳೆಯಿರಿ. ಸ್ಪೂಲ್ ಎಣ್ಣೆಯಂತೆ ಜಾರಬೇಕು. ಮೊದಲು ಕಚ್ಚಿಕೊಂಡು ಆಮೇಲೆ ತಟ್ಟನೆ ಬಿಟ್ಟರೆ ಆ ರೀಲ್ ವಾಪಸ್ ಇಡಿ. ಎರಡೂವರೆ ಪೌಂಡಿನ ಕೊಕ್ಕೆದಾರ ಮುರಿಯುವುದು ಆ ಕಚ್ಚಿಕೊಳ್ಳುವ ಕ್ಷಣದಲ್ಲೇ. ದಾರ ತಿರುಗುವ ಪುಟ್ಟ ರೋಲರ್ ಸುಮ್ಮನೆ ನಿಂತಿದೆಯೋ ನಿಜವಾಗಿ ತಿರುಗುತ್ತದೋ ಅನ್ನುವುದನ್ನು ಉಗುರಿನಿಂದ ತಿರುಗಿಸಿ ನೋಡಿ. ಆಳ ಕಡಿಮೆ ಇರುವ ಸ್ಪೂಲ್ ಕೇಳಿ. ಆಳದ ಸ್ಪೂಲಿಗೆ ತೆಳು ದಾರ ಸುತ್ತಿದರೆ ಅಂಚಿನವರೆಗೆ ತುಂಬುವುದೇ ಇಲ್ಲ. ಅಂಚಿಗೆ ಸುಮಾರು ಎರಡು ಮಿಲಿಮೀಟರ್ ಬಿಟ್ಟು ತುಂಬಿದ್ದರೆ ಮಾತ್ರ ಹಗುರ ಬೆಂಡು ದೂರ ಹೋಗುತ್ತದೆ.

ಹಳಬರಿಗೆ ಇನ್ನೊಂದು ಎಚ್ಚರಿಕೆ. ಮೀನು ಓಡಿದಾಗ ಕ್ಲಚ್ ನಂಬದೆ ಹಿಡಿಯನ್ನೇ ಹಿಂದಕ್ಕೆ ತಿರುಗಿಸಿ ದಾರ ಬಿಡುವುದನ್ನು ಕಲಿತವರು ನೀವಾದರೆ, ರೀಲಿನ ಅಡಿಯಲ್ಲಿ ಅದಕ್ಕೆ ಬೇಕಾದ ಸಣ್ಣ ಗುಂಡಿ ಇದೆಯೇ ನೋಡಿಕೊಳ್ಳಿ. ಈಗಿನ ಎಷ್ಟೋ ರೀಲ್‌ಗಳಲ್ಲಿ ಅದನ್ನು ತೆಗೆದುಹಾಕಿದ್ದಾರೆ. ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ. ಕೈಯಲ್ಲೇ ದಾರ ಬಿಡುವವರಿಗೆ ಮೀನಿನ ಒಂದೊಂದು ಚಲನೆಯೂ ತಿಳಿಯುತ್ತದೆ.

ಅಟ್ಟದ ಮೇಲೆ ಹಳೆಯ ರಾಡು ಇದ್ದರೆ ಎಸೆಯಬೇಡಿ. ಉಂಗುರಗಳ ಒಳಗೆ ಹತ್ತಿ ಆಡಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಆ ಉಂಗುರ ಬದಲಿಸಿದರೆ ಸಾಕು. ಜೋಡಣೆ ಬಿಗಿಯಾಗಿ ಕೂತರೆ ರಾಡು ಇನ್ನೂ ಕೆಲಸಕ್ಕೆ ಬರುತ್ತದೆ. ಹಳೆಯ ದಾರವನ್ನು ಮಾತ್ರ ನೋಡುವುದೂ ಬೇಡ, ಕಿತ್ತು ಹಾಕಿ. ಹಳೆಯ ಪೆಟ್ಟಿಗೆಯಲ್ಲಿ ಭಾರಕ್ಕೆಂದು ದಾರಕ್ಕೆ ಕಚ್ಚಿಸುವ ಸೀಸದ ಗುಂಡುಗಳಿದ್ದರೆ ಅವನ್ನೂ ತೆಗೆಯಿರಿ. ಹಂಸಗಳು ಅವನ್ನು ನುಂಗಿ ವಿಷವೇರಿ ಸಾಯುತ್ತಿದ್ದವು. 1987ರಿಂದ ಸಾಸಿವೆಯಷ್ಟು ಸಣ್ಣವು ಮತ್ತು ಒಂದು ಔನ್ಸಿಗಿಂತ ದೊಡ್ಡವನ್ನು ಬಿಟ್ಟು ಉಳಿದವಕ್ಕೆ ನಿಷೇಧ ಇದೆ.

ಊರಿನಲ್ಲಿ ಬಿದಿರು ಕೋಲು, ಎರೆಹುಳು ಹಿಡಿದು ಕೆರೆ ಏರಿಯ ಕೆಳಗೆ ಕೂತವರಿಗೆ ಫ್ಲೋಟ್ ರಾಡು ಹೊಸದೇನಲ್ಲ. ಬೆಂಡಿನ ಮೇಲೆ ಕಣ್ಣಿಟ್ಟು ಕೂರುವ ವಿದ್ಯೆ ಎರಡು ಕಡೆಯೂ ಒಂದೇ. ಅಲಾರಂ ಕೂಗಿದಾಗ ಎದ್ದು ಹೋಗುವುದರಲ್ಲಿ ಆ ಸುಖ ನನಗೆ ಎಂದೂ ಸಿಕ್ಕಿಲ್ಲ. ಬೇಸಿಗೆಯ ಬೆಳಗಿನ ಜಾವ ತಾವರೆ ಎಲೆಗಳ ಅಂಚಿನಲ್ಲಿ ಗುಂಡುಸೂಜಿಯ ತಲೆಯಷ್ಟು ಸಣ್ಣ ಗುಳ್ಳೆಗಳು ಗುಂಪಾಗಿ ಏಳುತ್ತವೆ. ಟೆಂಚ್ ಕೆಸರು ಕೆದಕುತ್ತಿದೆ ಎಂದು ಅರ್ಥ. ಕೊಕ್ಕೆಯ ಹತ್ತಿರವೇ ಒಂದು ಗುಂಡು ಕಚ್ಚಿಸಿ ತಳದಲ್ಲಿ ಕೂರಿಸಿದ್ದರೆ ಬೆಂಡು ಮುಳುಗುವುದಿಲ್ಲ, ಮೇಲಕ್ಕೆ ಏಳುತ್ತದೆ. ಟೆಂಚ್ ಮೆಕ್ಕೆಜೋಳದ ಕಾಳಿನ ಜೊತೆ ಗುಂಡನ್ನೂ ಎತ್ತಿರುತ್ತದೆ. ಎದ್ದ ಬೆಂಡು ವಾಲಿ ಮಲಗುವಷ್ಟರಲ್ಲಿ ಕೈ ಎತ್ತಬೇಕು. ಆಮೇಲೆ ಮೃದು ರಾಡು ಬುಡದವರೆಗೆ ಬಾಗಿ ನಿಲ್ಲುತ್ತದಲ್ಲ, ನಾನು ಇಷ್ಟೆಲ್ಲ ಬರೆಯುತ್ತಿರುವುದು ಅದಕ್ಕಾಗಿಯೇ. ಮೂರು ಪೌಂಡಿನ ರಾಡು ಕೊಂಡವರಿಗೆ ಇದು ಸಿಗುವುದಿಲ್ಲ.

ಕೆನೆಟ್, ಟ್ರೆಂಟ್‌ನಂಥ ನದಿಯಲ್ಲಿ ಬಾರ್ಬೆಲ್ ಹಿಡಿಯುವ ಆಸೆಯಾದರೆ ಫ್ಲೋಟ್ ರಾಡು ಸಾಲದು. ಹರಿವಿನಲ್ಲಿ ಬಾರ್ಬೆಲ್ ಎಳೆಯುವುದು ಅಷ್ಟು ಜೋರಾಗಿರುತ್ತದೆ. ಅದಕ್ಕೆ 1.5ರಿಂದ 1.75 ಪೌಂಡಿನ ರಾಡು, ಎಂಟು ಹತ್ತು ಪೌಂಡಿನ ದಾರ ಬೇಕು. ಅದು ಎರಡನೇ ವರ್ಷದ ಖರ್ಚು.

ಇನ್ನೆರಡು ವಿಷಯ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಕರೆಂಟ್ ತಂತಿಯಿಂದ 30 ಮೀಟರ್ ದೂರ ಇರಲೇಬೇಕು. ನಡೆದು ಹೋಗುವಾಗಲೂ ತಲೆಯೆತ್ತಿ ನೋಡಿ. ಹದಿಮೂರು ವಯಸ್ಸು ತುಂಬಿದವರೆಲ್ಲರಿಗೂ ಎನ್ವಿರಾನ್‌ಮೆಂಟ್ ಏಜೆನ್ಸಿಯ ಲೈಸೆನ್ಸ್ ಬೇಕು. ಮೊದಲಿನ ಹಾಗೆ ಮಾರ್ಚ್ 31ಕ್ಕೆ ಮುಗಿಯುವುದಿಲ್ಲ, ಈಗ ಕೊಂಡ ದಿನದಿಂದ ಹನ್ನೆರಡು ತಿಂಗಳು. ಕೆರೆ ಅಥವಾ ಕಾಲುವೆಯ ಕ್ಲಬ್ಬಿನ ಟಿಕೆಟ್ ಬೇರೆ.

ಗಾಳಕ್ಕೆ ಮುಚ್ಚಿದ್ದ ಅವಧಿ ಮುಗಿದು ನದಿಗಳು ಜೂನ್ 16ಕ್ಕೆ ತೆರೆಯುತ್ತವೆ. ಹೆಚ್ಚಿನ ಕೆರೆ, ಕಾಲುವೆಗಳಿಗೆ ಆ ಕಟ್ಟು ಇಲ್ಲ. ರೆಡಿಂಗ್ ಕಡೆಯವರು ಯಾರಾದರೂ ಕೊಳ್ಳುವ ಮೊದಲು ಫ್ಲೋಟ್ ರಾಡ್ ಹಿಡಿದು ನೋಡಬೇಕು ಅಂದರೆ ಇನ್‌ಬಾಕ್ಸ್ ಮಾಡಿ. ಶನಿವಾರ ಬೆಳಿಗ್ಗೆ ಕಾಲುವೆ ದಂಡೆಯಲ್ಲಿ ಇರುತ್ತೇನೆ. ಲೈಸೆನ್ಸ್ ಮಾಡಿಸಿಕೊಂಡೇ ಬನ್ನಿ.